ಕೊಸರು

ಕೈಗವಸಿಲ್ಲದೆ ನಾನು ಅವನ್ನು ಮುಟ್ಟುವ ಹಾಗಿಲ್ಲ.
ಬೆರಳ ಬೆವರಿಗೂ ತೂಕವಿದೆ ಎಂದು
ಟ್ರೈನಿಂಗಿನಲ್ಲಿ ಮೊದಲ ದಿನವೇ ಹೇಳಿದ್ದರು.
ಹಸಿರು ಮಖಮಲ್ಲಿನ ಗುಂಡಿಗಳಲ್ಲಿ ಹಿತ್ತಾಳೆ ಬಟ್ಟುಗಳು:
ಐದು ಕೆಜಿಯದು ಉಂಡು ಕೂತ ಯಜಮಾನನಂತೆ,
ಒಂದು ಗ್ರಾಮಿನದು ಹಾಲುಹಲ್ಲಿನಂತೆ.
ಹದಿನೇಳು ವರ್ಷದಿಂದ ಈ ಪೆಟ್ಟಿಗೆ ಹೊತ್ತು
ಚಿಂತಾಮಣಿಯ ಅಂಗಡಿ ಅಂಗಡಿ ಹತ್ತಿ ಇಳಿದಿದ್ದೇನೆ.
ನಾನು ಬಂದರೆ ತಕ್ಕಡಿಗಳು ಸೆಟೆದು ನಿಲ್ಲುತ್ತವೆ.
ಶ್ರೀಪತಿ ಶೆಟ್ಟರು ಬಾದಾಮಿ ಹಾಲು ತರಿಸುತ್ತಾರೆ.
ನಾನು ಕುಡಿಯುವುದಿಲ್ಲ.

ಈ ಬಟ್ಟುಗಳಿಗೆ ಬೆಂಗಳೂರಿನಲ್ಲೊಬ್ಬಳು ತಾಯಿ,
ಅವಳಿಗೆ ದಿಲ್ಲಿಯಲ್ಲೊಬ್ಬಳು, ಅವಳಿಗೂ ಕಡಲಾಚೆ
ಗಾಜಿನ ಗಂಟೆಯೊಳಗೆ ಬೀಗ ಹಾಕಿ ಕೂರಿಸಿದ ಮುತ್ತಜ್ಜಿ.
ಹೆಚ್ಚುಕಮ್ಮಿ ಯಾರೂ ಮುಟ್ಟದೆಯೂ ಆಕೆ ನೂರು ವರ್ಷದಲ್ಲಿ
ಒಂದು ಬೆರಳಚ್ಚಿನಷ್ಟು ಬದಲಾದಳಂತೆ.
ಆಕೆ ಇಳಿದಳೋ, ಮಕ್ಕಳು ಏರಿದವೋ,
ಯಾವ ತಕ್ಕಡಿಯಲ್ಲಿಟ್ಟು ಹೇಳುವುದು?
ಕೊನೆಗೆ ಆಕೆಯನ್ನು ಬಿಟ್ಟು
ಯಾರ ಕೈಗೂ ಸಿಗದ ಒಂದು ಅಂಕಿಯನ್ನು ನಂಬಿದರು.

ಅವರೆ ಕಾಲ. ಬಸ್ ಸ್ಟ್ಯಾಂಡಿನ ಹಿಂದೆ ಸೊಗಡಿನ ವಾಸನೆ.
ಗೋಣಿತಾಟಿನ ಮೇಲೆ ಪಿಳ್ಳಮುನಿಯಮ್ಮ.
ಅವಳ ಅರ್ಧ ಕೆಜಿ ಅಂದರೆ ಒಂದು ಕರೀ ಕಲ್ಲು,
ಸೀಲಿಲ್ಲ, ಅಂಕಿಯಿಲ್ಲ, ಎಣ್ಣೆ ಹಚ್ಚಿದ ಹಾಗೆ ನುಣುಪು.
ಎತ್ತಿ ನನ್ನ ತಕ್ಕಡಿಗಿಟ್ಟೆ.
ಐನೂರ ಮೂವತ್ತೆಂಟು.
ತಪ್ಪು ಕಲ್ಲು. ಆದರೆ ಕೊಳ್ಳುವವರ ಕಡೆಗೆ ತಪ್ಪಿದ ಕಲ್ಲು.
ಅದಕ್ಕೆ ನನ್ನ ಫಾರಮ್ಮಿನಲ್ಲಿ ಕಾಲಂ ಇಲ್ಲ.

ತೂಗಿದ ಮೇಲೆ ಕೊಸರು.
ಬಸುರಿ ಹುಡುಗಿಗೆ ಎರಡು ಹಿಡಿ, ಚಾಂದ್ ಪಾಷನಿಗೆ ಒಂದು,
ಸೊಣ್ಣಪ್ಪ ಮೇಷ್ಟರಿಗೆ ನಾಲ್ಕೇ ಕಾಯಿ,
ಅದರಲ್ಲೊಂದು ಹುಳುಕು.
‘ಇದೇಂ ನ್ಯಾಯಮಮ್ಮಾ?’
ಮೇಷ್ಟರು ಚೀಲದ ಬಾಯಿ ತೆರೆದುಕೊಂಡೇ ನಿಂತರು.
‘ತೂಕ ಊರಿಗೆಲ್ಲ ಒಂದೇ ಸಾರ್. ಕೊಸರು ನನ್ನಿಷ್ಟ.’
‘ಹಂಗಾದ್ರೆ ನ್ಯಾಯಾನೂ ನಿನ್ನಿಷ್ಟವೇನು?’
‘ನಿಮ್ಮಿಷ್ಟ ಯಾವ್ದು, ಅದಾದ್ರೂ ಹೇಳಿ.’
‘ಎಲ್ಲರಿಗೂ ಒಂದೊಂದು ಹಿಡಿ.’
‘ಯಾರ ಹಿಡಿ?’
ಕೈ ಚಾಚಿದಳು.
ಮೇವು ಕತ್ತರಿಸುವ ಯಂತ್ರ ಎರಡು ಬೆರಳು ತಿಂದ ಕೈ.
‘ನಿಮ್ಮ ಹಿಡೀನಾ, ಇದಾ?’

ಮೇಷ್ಟರು ನಕ್ಕುಬಿಟ್ಟರು.
ಅವರವರ ಕೈಯಷ್ಟೇ ಅವರವರ ನ್ಯಾಯ,
ಎಂದುಕೊಂಡು ನಾನೂ ಅಲ್ಲಿಂದ ಎದ್ದುಬಿಡುತ್ತಿದ್ದೆ.
ಅಷ್ಟರಲ್ಲಿ ಸುಂಕದವನು ಬಂದ.
ಹತ್ತು ರೂಪಾಯಿಯ ಚೀಟಿ ಹರಿದ, ಇಪ್ಪತ್ತು ಕಿತ್ತುಕೊಂಡ.
‘ಅನ್ಯಾಯ!’ ಎಂದಳು. ಒಂದೇ ಮಾತು.
ಸಾಲಿಗೆ ಸಾಲೇ ತಿರುಗಿತು.
ಚಾಂದ್ ಪಾಷ ಬಾಳೆಹಣ್ಣನ್ನು ತಕ್ಕಡಿಯಲ್ಲೇ ಬಿಟ್ಟು ಎದ್ದ.
ಹುಳುಕು ಕಾಯಿಯ ಮೇಷ್ಟರೇ ಮುಂದೆ ಹೋಗಿ
ಚೀಟಿಯನ್ನು ಗಟ್ಟಿಯಾಗಿ ಓದಿದರು.
ಯಾರ ಅನ್ಯಾಯ, ಯಾವ ಅಳತೆಯದು,
ಒಬ್ಬರೂ ಕೇಳಲಿಲ್ಲ.
ನಾನು ನೋಡಿದ್ದು ಸುಂಕದವನ ಕಿವಿ.
ಬಾಯಿ ಜಗಳವಾಡುತ್ತಲೇ ಇತ್ತು,
ಕಿವಿ ಮಾತ್ರ ಕೆಂಪಗೆ ಒಪ್ಪಿಕೊಂಡಿತ್ತು.

ಕಾನೂನು ಕಾನೂನೇ. ಕಲ್ಲನ್ನು ಜಪ್ತಿ ಮಾಡಿದೆ, ರಸೀದಿ ಕೊಟ್ಟೆ.
ಅವಳು ವಾದಿಸಲಿಲ್ಲ. ಕೊಡುವ ಮುಂಚೆ
ಕಲ್ಲನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು.

ಮುಂದಿನ ವಾರ ಅವಳ ಮುಂದೆ ಸೀಲಿನ ಬಟ್ಟು ಇತ್ತು,
ಕೂಸಿನ ಹಾಗೆ ಹೊಳೆಯುತ್ತಾ.
ತೂಕ ಕರಾರುವಾಕ್ಕು.
ನನ್ನ ದೆಸೆಯಿಂದ ಊರಿಗೆ
ಅರ್ಧ ಕೆಜಿಗೆ ಮೂವತ್ತೆಂಟು ಗ್ರಾಂ ಅವರೆ ಕಮ್ಮಿ.

ಪೆಟ್ಟಿಗೆ ಕೆಳಗಿಟ್ಟು, ಕೈಗವಸು ಕಳಚಿ,
ಅರ್ಧ ಕೆಜಿ ಕೇಳಿದೆ.
ತೂಗಿ ಸುರಿದಳು.
ಆಮೇಲೆ ನನ್ನ ಮುಖ ನೋಡಿದಳು, ತುಂಬ ಹೊತ್ತು.
ಮೂರು ಬೆರಳ ಆ ಕೈ
ರಾಶಿಯ ಮೇಲೆ ಬಂದು ನಿಂತಿತು.
ಚೀಲ ಹಿಡಿದ ನನ್ನ ಅಂಗೈ ಬೆವರಿತ್ತು.