ಬೆಳ್ಳುಳ್ಳಿ ಸಿಪ್ಪೆಯ ಬಿಳಿ

ಮಾಹೀಮಿನ ಈ ಮೂರನೇ ಮಹಡಿಯ ಮನೆ
ಎರ್ಮೆಲಿಂಡಾ ಬಾಯಿಯಿಂದ ನಮ್ಮ ಹೆಸರಿಗೆ ಬಂದಾಗ
ಜೊತೆಗೆ ಬಂದದ್ದು ಎರಡು:
ಮುಚ್ಚಿದರೆ ತೆರೆಯದ ಒಂದು ಕಿಟಕಿ,
ಏನು ಮಾಡಿದರೂ ಹೊರಗೆ ಹೋಗದ ಒಂದು ಟಬ್ಬು.

ಎರಕದ ಕಬ್ಬಿಣ, ಮೇಲೆ ಗಾಜಿನಂಥ ಲೇಪ.
ಬಾಗಿಲು ಆಮೇಲೆ ಕಿರಿದಾಯಿತಂತೆ,
ಟಬ್ಬು ಮೊದಲೇ ಒಳಗಿತ್ತಂತೆ.

ಇಂಡಿ ತಾಲೂಕಿನ ಭೀಮಶಿ, ಗಾರೆ ಕೆಲಸದವನು,
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದ.
ಠಣ್ಣೆಂದಿತು. ಕೆಳಮನೆಯ ನಾಯಿ ಬೊಗಳಿತು.
"ಅಕ್ಕಾರ, ಇದು ಒಡಿಯೂ ಪೈಕಿ ಅಲ್ಲ ಬಿಡ್ರಿ.
ಇದನ್ನ ಇಟಗೊಂಡು ಉಳದದ್ದು ಬದಲಿ ಮಾಡೂಣು."

ಉಳಿದದ್ದು ಅಂದರೆ ಬೇಸಿನ್ನು, ಕಮೋಡು, ನಲ್ಲಿ, ಗೋಡೆ.
ಎಲ್ಲಾ ಬಿಳಿ ಹಾಕಿಸು, ತಂಟೆಯಿಲ್ಲ ಅಂದಳು ಸುಗುಣಕ್ಕ.
ಭೀಮಶಿ ಒಂದು ಬಿಳಿ ಟೈಲು ತಂದು ಟಬ್ಬಿನ ಅಂಚಿಗಿಟ್ಟ.
ಅಷ್ಟೇ,
ಅರವತ್ತು ವರ್ಷ ಉಜ್ಜಿ ತೊಳೆದ ಟಬ್ಬು
ಕೊಳೆಯಾಯಿತು.
ಟೈಲು ತೆಗೆದ. ಶುಭ್ರ.
ಮತ್ತೆ ಇಟ್ಟ. ಕೊಳೆ.

ಹಾಗಾದರೆ ಇದರದ್ದೇ ಬಣ್ಣ ಹುಡುಕಬೇಕು.
ಟಬ್ಬು ಹೊತ್ತು ಅಂಗಡಿಗೆ ಹೋಗುವುದು ಹೇಗೆ?
ಮನೆಯಲ್ಲಿದ್ದ ಬಿಳಿಗಳನ್ನೆಲ್ಲ ತಂದು ಒಡ್ಡಿದೆ:
ಹೆಚ್ಚು ಬಿಳಿ, ಇಡ್ಲಿ.
ಹಳದಿ ಜಾಸ್ತಿ, ಆಫೀಸಿನ ಹಳೇ ಲಕೋಟೆ.
ಅಮ್ಮನ ದಂತದ ಬಾಚಣಿಗೆ ಬೆಳಿಗ್ಗೆ ಹೊಂದಿತು,
ಟ್ಯೂಬ್‌ಲೈಟಿಗೆ ಮುನಿಸಿಕೊಂಡಿತು.
ಕೊನೆಗೆ ಹೊಂದಿದ್ದು
ಬೆಳ್ಳುಳ್ಳಿಯ ಮೇಲಿನ ಸಿಪ್ಪೆ.

ಒಂದು ಗಡ್ಡೆ ಕರವಸ್ತ್ರದಲ್ಲಿ ಕಟ್ಟಿಕೊಂಡು
ಮರೀನ್ ಲೈನ್ಸಿನಲ್ಲಿ ಇಳಿದು ಲೋಹಾರ್ ಚಾಳಿಗೆ ನಡೆದೆ.
ಗಂಟು ಬಿಚ್ಚಿದರೆ
ಗಾಡಿಯ ನೂಕುನುಗ್ಗಲಿಗೆ ಸಿಪ್ಪೆ ಉದುರಿ
ಒಳಗಿನ ಎಸಳು ಬೇರೆಯೇ ಬಿಳಿ!

ಅಂಗಡಿಯ ವೇಲಜೀ ಭಾಯಿ ನಗಲಿಲ್ಲ.
ಮೂಸಿ ನೋಡಿ, ಕನ್ನಡಕ ಒರೆಸಿ,
ಐವರಿ, ಬಿಸ್ಕತ್ತು, ಇನ್ನೊಂದು, ಮತ್ತೊಂದು
ಬಿಲ್ಲೆಗಳನ್ನು ಇಸ್ಪೀಟಿನಂತೆ ಹರಡಿ
ಎಲ್ಲವನ್ನೂ ತಾನೇ ಮಡಚಿಟ್ಟ.
"ಬೆಹೆನ್, ಹತ್ತಿರದ ಬಣ್ಣ ಹಾಕಬೇಡಿ.
ಕೂದಲೆಳೆ ತಪ್ಪಿದರೂ ಕೈತಪ್ಪು ಅನ್ನಿಸುತ್ತದೆ.
ದೂರದ್ದು ಹಾಕಿ.
ಆಗ ಇದಕ್ಕೂ ಮರ್ಯಾದೆ, ಅದಕ್ಕೂ."

ವಾಪಸು ಗಾಡಿಯಲ್ಲಿ
ಘಾಟ್ಕೋಪರಿನ ಆ ಖೋಲಿ ನೆನಪಾಯಿತು.
ಅಕ್ಕನನ್ನು ನೋಡಲು ಬಂದವರು ಕುಳಿತಿದ್ದಾರೆ.
ಚಿಕ್ಕಮ್ಮ ನನ್ನ ರಟ್ಟೆ ಹಿಡಿದು
ಮೋರಿಯ ಪರದೆಯ ಹಿಂದೆ ನಿಲ್ಲಿಸಿ,
"ಅವಳ ಪಕ್ಕ ನಿಲ್ಲಬೇಡ ಮಾರಾಯ್ತಿ,
ನಿನ್ನ ಬಣ್ಣಕ್ಕೆ ಅವಳು ಕಪ್ಪು ಕಾಣ್ತಾಳೆ."
ಒದ್ದೆ ಕಲ್ಲಿನ ಮೇಲೆ ಬರಿಗಾಲು.
ಆಚೆ ಕಪ್ಪು ಬಸಿಗಳ ಸದ್ದು.
ಅಕ್ಕನ ಸಣ್ಣ ದನಿ, "ಹೌದು, ಹೊಲಿಗೆ ಬರುತ್ತದೆ."
ಅವರು ಮತ್ತೆ ಬರಲಿಲ್ಲ.
ಆಮೇಲಿನವರೂ.

ಪಾಚಿ ಹಸಿರಿನ ಬೇಸಿನ್ನು ಬಂತು.
ಹಿತ್ತಾಳೆಯ ನಲ್ಲಿ ಬಂತು.
ಕಮೋಡು ಮಾತ್ರ ಬಿಳಿಯದೇ;
ಹಸಿರಿಗೆ ದುಪ್ಪಟ್ಟು ದುಡ್ಡು, ನನ್ನ ಬೋನಸ್ಸು ಮುಗಿದಿತ್ತು.
ಎರಡನ್ನೂ ಅಕ್ಕಪಕ್ಕ ನೋಡಿ ಭೀಮಶಿ ತಲೆ ಕೆರೆದುಕೊಂಡ.
"ನಡುವ ಒಂದು ಪರದೆ ಬಿಟ್ರ
ಕಣ್ಣಿಗೆ ಹೊಡಿಯೂದಿಲ್ರೀ."

"ಪರದೆ ಬೇಡ" ಅಂದಳು ಸುಗುಣಕ್ಕ.
ಅಷ್ಟು ಜೋರಾಗಿ ಅವಳು ಮಾತಾಡಿದ್ದು
ನಾನು ಕೇಳಿದ್ದು ಕಡಿಮೆ.
ಭೀಮಶಿ ಟೇಪು ಸುತ್ತಿ ಜೇಬಿಗಿಟ್ಟ.

ಆ ಟಬ್ಬಿನಲ್ಲಿ ಯಾರೂ ಮೈ ಚಾಚಿ ಮಲಗುವುದಿಲ್ಲ.
ಬೆಳಿಗ್ಗೆ ಐದೂ ನಲವತ್ತಕ್ಕೆ ಮುನಿಸಿಪಾಲಿಟಿ ನೀರು,
ಏಳಕ್ಕೆ ಬಂದ್.
ಅಷ್ಟರೊಳಗೆ ಕಂಠದವರೆಗೆ ತುಂಬಿಸುತ್ತೇವೆ.
ಬೇಸಿನ್ನಿನ ಹಸಿರು ಅದರಲ್ಲಿ ಅಲ್ಲಾಡುತ್ತದೆ,
ಕಮೋಡಿನ ಬಿಳಿ ಕೂಡ, ವಕ್ರವಾಗಿ.
ಅಕ್ಕ ಕೆಂಪು ಪ್ಲಾಸ್ಟಿಕ್ ತಂಬಿಗೆ ಅದ್ದಿ
ಮೊದಲನೆಯದನ್ನು ತನ್ನ ಕಾಲಿಗೆ ಸುರಿದುಕೊಳ್ಳುತ್ತಾಳೆ,
ಎರಡನೆಯದನ್ನು, ನಾನು ಬೇಡವೆಂದರೂ,
ನನ್ನ ಕಾಲಿಗೆ.