ಖಾಯಂ

ನಿನ್ನೆ ಮಂಗಲಪೇಟೆ ಓಣಿಗೆ ಪೊಲೀಸ್ ಬಂದಿದ್ದ.
ಮಂದಿ ಹೊಸ್ತಿಲಿಗೆ ಬಂದು ನಿಂತರು,
ಪರದೇಶದಾಗ ಈಕಿ ಏನು ಮಾಡಿ ಬಂದಾಳ ಅಂತ.

ಏನೂ ಮಾಡಿಲ್ಲ ಅಂತ ಬರೆಸಿಕೊಳ್ಳಲಿಕ್ಕೇ
ಮೂರು ವಾರ ರಜಾ ಹಾಕಿ ಬಂದೀನಿ.
ಅಲ್ಲಿ ಖಾಯಂ ಆಗಬೇಕಂದ್ರ
ಇಲ್ಲಿ ನನ್ನ ಮ್ಯಾಲ ಒಂದೂ ಕೇಸು ಇರಬಾರದು.
ಅರ್ಜಿ ಆರು ಸರ್ತಿ ತಗೊಂಡೀನಿ,
ಆರು ಸರ್ತಿ ಡ್ರಾಯರಿನಾಗ ಇಟ್ಟೀನಿ
ಚಮಚಗಳ ಕೆಳಗ.
ಹದಿನೇಳು ವರ್ಷ ಹಿಂಗೇ ಹೋದವು.

ಹವಾಲ್ದಾರ ಪೆನ್ನು ಜಾಡಿಸಿ ಕೇಳಿದ:
ಹೆಸರು?
ಪ್ರೇಮಲೀಲಾ ಯೇಸಪ್ಪ.
ಈ ಮನ್ಯಾಗ ಎಷ್ಟು ವರ್ಷದಿಂದ ಇರ್ತೀರಿ?
ಇರಂಗಿಲ್ರಿ.
ಮತ್ತ ಖಾಯಂ ವಿಳಾಸ ಅಂತ ಇದನ್ನೇ ಬರದೀರಲ್ಲ?
ಬ್ಯಾರೆ ಯಾವುದು ಬರೀಲಿ.

ಖಾಯಂ. ಈ ಮಾತು
ನಮ್ಮ ಮನಿಗೆ ಮೊದಲು ಬಂದದ್ದು ಒಂದು ಸಂಜಿ,
ಎರಡು ಕಿಲೋ ಪೇಡೆದ ಡಬ್ಬಿ ಜೋಡಿ.
ಅಪ್ಪ ನೀರಿನ ಇಲಾಖೆದಾಗ ವಾಲ್ವ್ ತಿರುಗಿಸೋನು.
ಹತ್ತೊಂಬತ್ತು ವರ್ಷ ದಿನಗೂಲಿ.
ಹೆಗಲ ಮ್ಯಾಲ ಕಬ್ಬಿಣದ ಉದ್ದ ಚಾವಿ,
ಓಣಿ ಮಲಗಿದ ಮ್ಯಾಲ ಅವನ ನಡಗಿ.
ಅಂದು ಬಂದವನೇ ಅಂಗಿ ಸುದ್ದಾ ಬಿಚ್ಚದೆ
ಮನಿಮನಿಗೆ ಹಂಚಿದ: ಖಾಯಂ ಆದೆ, ಖಾಯಂ ಆದೆ.
ಹದಿನಾಲ್ಕು ತಿಂಗಳು ಖಾಯಂ ಇದ್ದ.

ಇಬ್ಬರ ಸಾಕ್ಷಿ ಬೇಕು ಅಂದ ಹವಾಲ್ದಾರ.
ಎದುರುಮನಿಯವರು ಹೊಸಬರು, ನನ್ನ ಗುರ್ತಿಲ್ಲ.
ವೈನಿ ಒಂದು ಸಹಿ ಹಾಕಿದಳು.
ಇನ್ನೊಂದಕ್ಕ ಟೇಲರ್ ರಫಿಯಾ
ಹೊಲಿಗಿ ಮಷೀನು ನಿಲ್ಲಿಸಿ ಬಂದಳು.
ಈಕಿ ನಡತಿ ಹ್ಯಾಂಗ?
ಎರಡು ಬ್ಲೌಸಿನ ರೊಕ್ಕ ಬಾಕಿ ಅದ ಸಾಬ್,
ಎರಡು ಸಾವಿರದ ಏಳನೇ ಇಸ್ವಿದು.
ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮ್ಯಾಲ ಅಂದೆ,
ಅದನ್ನ ಬರ್ಕೋರಿ.
ಬರ್ಕೊಳ್ಳಲಿಲ್ಲ.
ರಫಿಯಾ ಬಲದಿಂದ ಎಡಕ್ಕ ಸಹಿ ಎಳೆದಳು,
ಅದು ನನ್ನ ಹೆಸರಿನ ತನಕ ಬಂದು ನಿಂತಿತು.

ಗಾಲ್ವೇ ಊರಿನ ನನ್ನ ವಾರ್ಡಿನಾಗ ಒಬ್ಬ ಮುದುಕ,
ದಿನಾ ಬೆಳಿಗ್ಗೆ ನನ್ನ ಕೈ ಹಿಡಿದು ಕೇಳ್ತಾನ:
ನಾನು ಮನಿಗೆ ಯಾವಾಗ ಹೋಗೋದು?
ಹುಟ್ಟಿದ ಮನಿಯಿಂದ ಎರಡು ಮೈಲಿ ಆಚಿಗಿ ಮಲಗಿ
ಕೇಳ್ತಾನ.
ನಾಳಿ ಅಂತೀನಿ.
ಇಷ್ಟು ವರ್ಷದಾಗ ನಾನು ಸುಳ್ಳು ಹೇಳಿದ್ದು
ಅವನೊಬ್ಬನಿಗೇ ಅಲ್ಲ.

ನೌಬಾದಿನಾಗ ಮೂವತ್ತು ನಲವತ್ತರ ಜಾಗ ಅದ, ನನ್ನ ಹೆಸರಿಲೆ.
ನೋಡಲಿಕ್ಕ ಹೋದೆ.
ನಾಲ್ಕು ಕಲ್ಲಿನಾಗ ಮೂರು ಇದ್ದವು,
ನಾಲ್ಕನೇದರ ಜಾಗದಾಗ ಗೂಟ, ಗೂಟಕ್ಕ ಎಮ್ಮಿ.
ಜಗಳಾಡಬೇಕಂತ ಸೆರಗು ಸಿಕ್ಕಿಸಿದೆ.
ಎಮ್ಮಿ ತಿರುಗಿ ನೋಡಿತು,
ನನ್ನ ಜಾಗ ಏನಂತ ನನಗಿಂತ ಚಲೋ ಗೊತ್ತಿದ್ದಂಗ.
ಸುಮ್ಮನೆ ಒಂದು ಸುತ್ತು ಹಾಕಿ ಬಂದೆ.

ಮಗ ಫೋನಿನಾಗ ಹೇಳಿದ,
ನೀ ಇರೋದಾದ್ರ ಇರು ಮಮ್ಮಿ, ನಂದು ಸ್ಕೂಲ್ ಇಲ್ಲದ.
ಸಿಟ್ಟಿಲ್ಲ ಅವನಿಗೆ. ಅಷ್ಟು ಸಹಜ ಹೇಳಿದ.
ಬೀದರ ಅಂದ್ರ ಅವನಿಗೆ
ಏರ್‌ಫೋರ್ಸಿನ ವಿಮಾನಗಳ ಸಪ್ಪಳ,
ಹಾರಿ, ಊರ ಮ್ಯಾಲೇ ಸುತ್ತಿ, ಅಲ್ಲೇ ಇಳಿಯೋ ವಿಮಾನ.
ಎಲ್ಲಿಗೂ ಹೋಗಂಗಿಲ್ಲಲ್ಲ ಇವು, ಮತ್ಯಾಕ ಹಾರ್ತಾವ?
ಆರು ವರ್ಷದವನಿದ್ದಾಗ ಕೇಳಿದ್ದ.
ಕಲೀಲಿಕ್ಕ, ಅಂದಿದ್ದೆ.

ಕಾಗದ ಇವತ್ತು ಕೈಗೆ ಬಂತು.
ದುಂಡು ಮುದ್ರಿ, ವಾರೆ ಸಹಿ:
ಸದರಿಯವರ ವಿರುದ್ಧ ಯಾವುದೇ ದೂರು ಇರುವುದಿಲ್ಲ.
ಮಡಚಿ ಪಾಸ್‌ಪೋರ್ಟಿನಾಗ ಇಟ್ಟೆ. ಮತ್ತ ತಗದೆ.
ಇನ್ನೊಮ್ಮೆ ಓದಿದೆ.
ಹದಿನೇಳು ವರ್ಷದಾಗ ಒಬ್ಬರದೂ
ಒಂದು ದೂರೂ ಇಲ್ಲೇನು?

ರಾತ್ರಿ ಎರಡಕ್ಕ ನಳ ಕೆಮ್ಮಿತು.
ನಾಲ್ಕು ದಿನಕ್ಕೊಮ್ಮೆ ಬರೋ ನೀರು.
ಓಣಿ ತುಂಬ ಲೈಟು ಹತ್ತಿದವು,
ಕೊಡಗಳ ಸಪ್ಪಳ, ರಫಿಯಾನ ಬೈಗುಳ, ಯಾರದೋ ನಗು.
ಮಲಕೋ, ನಾಳಿ ವಿಮಾನ ಅದ, ಅಂದಳು ವೈನಿ.
ನಾನು ಸೀರಿ ಮ್ಯಾಲೆತ್ತಿ ಕೂತೆ:
ಹಂಡೆ ತುಂಬಿದೆ, ಬಕೀಟು, ಕೊಡ, ತಂಬಿಗಿ,
ಹಾಲಿನ ಪಾತ್ರಿ, ಟಿಫಿನ್ ಡಬ್ಬಿ,
ಚಾದ ಕಪ್ಪು ಸುದ್ದಾ ಬಿಡಲಿಲ್ಲ.
ನಾಲ್ಕು ದಿನದ ನೀರು.

ಎಲ್ಲೋ ದೂರ, ಓಣಿ ತುದಿಗೆ,
ಯಾರೋ ವಾಲ್ವ್ ತಿರುಗಿಸಿದರು.
ಧಾರ ಸಣ್ಣಗಾಯಿತು. ನೂಲಾಯಿತು.
ಕೈ ಹಂಗೇ ಹಿಡಿದಿದ್ದೆ.