ಎಡಕ್ಕೆ ಹೊಸೆದ ನೂಲು

ಎಲ್ ಆಲ್ತೋದಲ್ಲಿ ಆಲೂಗಡ್ಡೆ ಬೇಯುವುದೂ ತಡ,
ಗಾಳಿ ಅಷ್ಟು ತೆಳು.
ಮೂರು ಮಹಡಿ ಹತ್ತಿ ಬಂದ ಎವುಲೋಹಿಯಾ
ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು
ಉಸಿರಿಗೆ ಕಾದಳು, ಬಸ್ಸಿಗೆ ಕಾದ ಹಾಗೆ.
ಮೂವತ್ತೆರಡು ವಾರ. ಹೊಟ್ಟೆ ಮಾತ್ರ
ಇಪ್ಪತ್ತೆಂಟರಲ್ಲೇ ನಿಂತುಬಿಟ್ಟಿದೆ.

ಜೆಲ್ ತಣ್ಣಗಿತ್ತು, ಬೆಚ್ಚಿದಳು.
ಕತ್ತಲ ನೀರಿನಲ್ಲಿ ಹುಡುಕಿದೆ, ಸಿಕ್ಕಿತು ಬಳ್ಳಿ:
ಎರಡು ಸಣ್ಣವು, ಒಂದು ದಪ್ಪನೆಯದು,
ಒಂದನ್ನೊಂದು ಸುತ್ತಿ ತಬ್ಬಿಕೊಂಡು.
ಪರದೆಯ ಮೇಲೆ ಕೆಂಪು, ನೀಲಿ.
ಬಣ್ಣಕ್ಕೆ ಬೇರೆ ಅರ್ಥವಿಲ್ಲ; ಬರುವುದು, ಹೋಗುವುದು, ಅಷ್ಟೆ.

ಸದ್ದು ಹೆಚ್ಚಿಸಿದೆ. ದೂರದಲ್ಲಿ ಯಾರೋ
ಕಂಬಳಿ ಒಗೆಯುತ್ತಿರುವ ಸದ್ದು.
ಗೆರೆ ಏರಿತು: ಬೆಟ್ಟ. ಇಳಿಯಿತು. ಮತ್ತೆ ಬೆಟ್ಟ.
ಬೆಟ್ಟಕ್ಕೆ ಈ ಊರಲ್ಲಿ ಯಾರೂ ಹೆದರುವುದಿಲ್ಲ.
ನಾನು ನೋಡುವುದು ನಡುವಿನ ಕಣಿವೆಯನ್ನು.
ಆ ಹಿಡಿಗಾತ್ರವೂ ಇಲ್ಲದ ಗುಂಡಿಗೆ
ಒಂದು ಗುಟುಕು ದೂಡಿ ಸುಧಾರಿಸಿಕೊಳ್ಳುವಾಗಲೂ
ರಕ್ತ ಹರಿಯುತ್ತಲೇ ಇರಬೇಕು ಮಾಸಿನ ಕಡೆಗೆ.
ಹೋದ ಮಂಗಳವಾರ ಕಣಿವೆಯಲ್ಲಿ ನೀರಿತ್ತು.
ಇವತ್ತು ನೆಲ ಕಾಣುತ್ತಿದೆ.

ಐದು ಸಲ ಅಳೆದೆ. ಕೋನ ತಿದ್ದಿ ಅಳೆದೆ.

ಕೇಳದೆಯೇ ಹೇಳಿದಳು ಆಗ:
"ನಾನು ನೂಲು ತೆಗೆದೆ.
ಅತ್ತೆ ಬೇಡವೆಂದಿದ್ದಳು. ಬಸುರಿ ಕದಿರು ತಿರುಗಿಸಿದರೆ
ಒಳಗೆ ಬಳ್ಳಿಯೂ ತಿರುಚಿಕೊಳ್ಳುತ್ತದಂತೆ.
ಮಗುವನ್ನು ಬೆನ್ನಿಗೆ ಕಟ್ಟುವ ಬಟ್ಟೆಗೆ
ಒಂದೇ ಒಂದು ಉಂಡೆ ಸಾಲದೆ ಬಂದಿತ್ತು."

ನನ್ನಜ್ಜಿಯೂ ಹಾಗೇ ಹೇಳುತ್ತಿದ್ದಳು.
ಅವಳೇ, ಜ್ವರ ಬಂದಾಗ, ಎಡಕ್ಕೆ ಹೊಸೆದ ದಾರವನ್ನು
ಮಣಿಕಟ್ಟಿಗೆ ಕಟ್ಟುತ್ತಿದ್ದಳು, ಕೇಡಿಗೆ ದಾರಿ ತಪ್ಪಲೆಂದು.
ಬಳ್ಳಿಗಳು ತಾವಾಗಿಯೇ ಹೊಸೆದುಕೊಳ್ಳುತ್ತವೆ,
ಹೆಚ್ಚಿನವು ಎಡಕ್ಕೇ.
ಅದನ್ನೆಲ್ಲ ಹೇಳಲಿಲ್ಲ.
"ನೂಲಿನ ತಪ್ಪಲ್ಲ. ಮಾಸು ದಣಿದಿದೆ" ಎಂದೆ.
"ಯಾರು ದಣಿಸಿದರು?"

ಕಿಟಕಿಯಾಚೆ ಕೇಬಲ್ ಕಾರುಗಳು
ತುಂಬಿ ಹತ್ತುತ್ತಿದ್ದವು, ತುಂಬಿ ಇಳಿಯುತ್ತಿದ್ದವು.
ಡಾಕ್ಟರ್ ತಿಕೋನಾಗೆ ಫೋನು ಮಾಡಿದೆ.
ಹಾಸಿಗೆ ಇದೆ ಎಂದರು. ಪುಪ್ಪುಸಕ್ಕೆ ಇಂಜೆಕ್ಷನ್ ಈಗಲೇ,
ಇನ್ನೊಂದು ನಾಳೆ. ಅಲ್ಲಿಯವರೆಗೆ
ಹರಿವು ಹಿಂದಕ್ಕೆ ತಿರುಗದಿದ್ದರೆ ಸಾಕು.

ಗಾಲಿಕುರ್ಚಿ ಹತ್ತುವ ಮೊದಲು
ಶಾಲಿನೊಳಗಿಂದ ಉಂಡೆ ತೆಗೆದು ನನ್ನ ಕೈಗಿಟ್ಟಳು:
"ಅತ್ತೆ ಬರುತ್ತಾಳೆ. ಇಟ್ಟುಕೊಂಡಿರು."

ಜೆಲ್ ಬಾಟಲಿಗಳ ಪಕ್ಕ, ಡ್ರಾಯರಿನಲ್ಲಿ, ಬೂದು ಲಾಮಾ ಉಣ್ಣೆ.
ಬಾಗಿಲು ಹಾಕಿಕೊಂಡು ತುದಿ ಬಿಚ್ಚಿ ನೋಡಿದೆ.
ಎಡಕ್ಕೆ ಹೊಸೆದಿದ್ದಳು.

ಆರು ಗಂಟೆಗೆ ಮತ್ತೆ ಅಳೆಯಬೇಕು.